ಕಾಸಿಂಚರ ಪಿಸುಮಾತು

ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಾಸಿಂಚ "ಸವಣೂರು, ಕಾಣಿಯೂರು, ನಿಂತಿಕಲ್ಲು, ಪಂಜಾ..." ಎಂದು ಕೂಗಿದರೆ, ಎದುರಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದವರು ಉಳಿದರ್ಧವನ್ನು ಕಾಗದದಲ್ಲಿ ಸುತ್ತಿಕೊಂಡು ಓಡಿ ಬರುತ್ತಿದ್ದರು. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷ ಇದೆ ಎಂದು ಗೊತ್ತಿದ್ದವರೂ ಓಡುತ್ತಿದ್ದರು. ಆ ಸ್ವರವೇ ಅಂಥದ್ದು. ಮೂವತ್ತೊಂದು ವರ್ಷದಿಂದ ಒಂದೇ ರೂಟಿನಲ್ಲಿ ಕಂಡಕ್ಟರ್ ಆಗಿದ್ದ ಅವರಿಗೆ ಮೆಲ್ಲಗೆ ಮಾತಾಡಲು ಪುರುಸೊತ್ತೂ ಸಿಕ್ಕಿರಲಿಲ್ಲ, ಅಗತ್ಯವೂ ಬಿದ್ದಿರಲಿಲ್ಲ. ಮನೆಯಲ್ಲಿ ಇವರು "ಚಾ ಉಂಟಾ" ಎಂದು ಕೇಳಿದರೆ ಪಕ್ಕದ ಮನೆಯವರೂ ನೀರು ಕುದಿಯಲು ಇಡುತ್ತಾರೆ ಎಂದು ಹೆಂಡತಿ ಆಯಿಶಾ ನೆಂಟರ ಮುಂದೆ ಹೇಳಿ ನಗುತ್ತಿದ್ದಳು.

ಇಂಥವರ ಮೊಮ್ಮಗಳು ಹುಟ್ಟಿದ್ದು ಮೂವತ್ತನೇ ವಾರಕ್ಕೆ. ತೂಕ ಒಂದು ಕಿಲೋ ನೂರ ಎಂಬತ್ತು ಗ್ರಾಂ. ಚಮಚ ಕೆಳಗೆ ಬಿದ್ದರೂ ಬೆಚ್ಚಿಬೀಳುವ ಮಗು.

ಮಗಳು ಶಿಫಾ ಚೊಚ್ಚಲ ಹೆರಿಗೆಗೆಂದು ಪಂಜದ ತವರಿಗೆ ಬಂದಿದ್ದಳು. ಗಂಡ ಜಾಸಿರ್ ಇದ್ದದ್ದು ದಮ್ಮಾಮಿನಲ್ಲಿ. ದಿನ ತುಂಬಲು ಇನ್ನೂ ಎರಡೂವರೆ ತಿಂಗಳು ಇರುವಾಗ ಒಂದು ಬೆಳಿಗ್ಗೆ ಅವಳ ಕಾಲು ಊದಿತು, ಕಣ್ಣು ಮಂಜಾಯಿತು, ತಲೆ ಸಿಡಿಯುತ್ತದೆ ಎಂದಳು. ಪುತ್ತೂರಿನ ಆಸ್ಪತ್ರೆಯಲ್ಲಿ ಬಿಪಿ ನೋಡಿದ ಡಾಕ್ಟರು ಹೆಚ್ಚು ಮಾತಾಡಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಆಪರೇಷನ್ ಮಾಡಿ ಮಗುವನ್ನು ಹೊರತೆಗೆದಾಗಿತ್ತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಮೂಗಿಗೊಂದು ನಳಿಗೆ, ಬಾಯಿಗೊಂದು ನಳಿಗೆ, ಕಾಲಿಗೊಂದು ಕೆಂಪು ದೀಪ ಕಟ್ಟಿ, ಮೇಲಿನ ಮಹಡಿಯ ಶಿಶು ಐಸಿಯುವಿಗೆ ಒಯ್ದರು.

ಕಾಸಿಂಚ ಕೈಕಾಲು ಮುಖ ತೊಳೆದು ವಝು ಮಾಡಿ, ತಲೆಗೆ ಟೊಪ್ಪಿ ಇಟ್ಟು, ಒದ್ದೆ ಕೈಯಲ್ಲೇ ಅಲ್ಲಿಗೆ ಹತ್ತಿದರು. ಹುಟ್ಟಿದ ಮಗುವಿನ ಬಲಗಿವಿಗೆ ಬಾಂಕ್ ಹೇಳಬೇಕು, ನಮಾಝಿಗೆ ಕರೆಯುವ ಅದೇ ಕರೆ. ಈ ಲೋಕದ ಬೇರೆ ಮಾತು ಕೇಳಿಸುವ ಮೊದಲು ಅದು ಕೇಳಿಸಬೇಕು. ಅವರ ಕಿವಿಗೆ ಅವರ ಉಪ್ಪ ಹೇಳಿದ್ದರು, ಶಿಫಾಳ ಕಿವಿಗೆ ಅವರು ಹೇಳಿದ್ದರು. ಜಾಸಿರ್ ಕೂಡ ಫೋನಿನಲ್ಲಿ, "ನಾನಿಲ್ಲವಲ್ಲ ಮಾವ, ನೀವೇ ಹೇಳಿಬಿಡಿ" ಎಂದು ಅಳುತ್ತಾ ಹೇಳಿದ್ದ.

ಒಳಗಿದ್ದ ಸಿಸ್ಟರ್ ಗಾನಶ್ರೀ ಮರ್ಕಂಜದ ಹುಡುಗಿ. ಐದಡಿಯೂ ಇಲ್ಲ, ಆದರೆ ಆ ಕೋಣೆಯಲ್ಲಿ ಡಾಕ್ಟರೂ ಅವಳನ್ನು ಕೇಳಿಯೇ ಫ್ಯಾನು ಹಾಕುವುದು. ವಿಷಯ ಕೇಳಿ ಅವಳು, "ಹೇಳಿ ಕಾಕ, ಆದ್ರೆ ತುಂಬಾ ಮೆಲ್ಲ ಆಯ್ತಾ?" ಎಂದು ಪೆಟ್ಟಿಗೆಯ ಬದಿಯ ಕಿಂಡಿ ತೆರೆದುಕೊಟ್ಟಳು.

ಕಾಸಿಂಚ ಮೆಲ್ಲಗೆಯೇ ಹೇಳಿದರು. ಅವರ ಲೆಕ್ಕದಲ್ಲಿ ಅದು ಮೆಲ್ಲಗೆ. ಮೊದಲ ಎರಡು ಶಬ್ದ ಮುಗಿಯುವಷ್ಟರಲ್ಲಿ ಮಗು ಎರಡೂ ಕೈ ಮೇಲೆತ್ತಿ ನಡುಗಿತು, ತಲೆಯ ಮೇಲಿನ ಮೆಷಿನ್ ಕೆಂಪಾಗಿ ಕಿರುಚಿತು, ಪಕ್ಕದ ಪೆಟ್ಟಿಗೆಯ ಅವಳಿಗಳ ಎರಡು ಮೆಷಿನ್‌ಗಳೂ ಅದರ ಜೊತೆ ಸೇರಿಕೊಂಡವು. ಗಾನಶ್ರೀ ಕಿಂಡಿ ಮುಚ್ಚಿ, ಮಗುವಿನ ಅಂಗಾಲು ತಟ್ಟುತ್ತಾ, ಕಣ್ಣಿನಲ್ಲೇ ಬಾಗಿಲು ತೋರಿಸಿದಳು. ಸಾವಿರಾರು ಜನರನ್ನು ಬಸ್ಸಿನಿಂದ ಇಳಿಸಿದ್ದ ಕಾಸಿಂಚ ಜೀವನದಲ್ಲಿ ಮೊದಲ ಸಲ ತಾವೇ ಇಳಿದರು.

ಹೊರಗೆ ಬೆಂಚಿನ ಮೇಲೆ ಕುಳಿತರು. ಮಗುವಿಗೆ ನನ್ನಿಂದಲೇ ಏನಾದರೂ ಆಗಿಬಿಟ್ಟರೆ? ಸ್ವಲ್ಪ ಹೊತ್ತಿನ ಮೇಲೆ ಮಕ್ಕಳ ಡಾಕ್ಟರು ತೀರ್ಥರಾಮ ಬಂದು ಪಕ್ಕದಲ್ಲಿ ಕುಳಿತರು.

"ನಿಮ್ಮದು ತಪ್ಪಲ್ಲ ಕಾಕ. ಅವಳ ಮಂಡೆಯ ಒಳಗಿನ ಕೆಲಸ ಇನ್ನೂ ಮುಗಿದಿಲ್ಲ. ಎರಡೂವರೆ ತಿಂಗಳ ಕೆಲಸ ಬಾಕಿ ಉಂಟು. ಹಾಗಾಗಿ ಅವಳಿಗೆ ನಡುನಡುವೆ ಉಸಿರಾಡುದು ಮರೆತು ಹೋಗ್ತದೆ."

"ಉಸಿರಾಡ್ಲಿಕ್ಕೆ ಮರೆಯುದಾ?" ಕಾಸಿಂಚರಿಗೆ ನಂಬಿಕೆ ಬರಲಿಲ್ಲ. ಕೊಡೆ ಮರೆಯುವವರನ್ನು ಅವರು ನೋಡಿದ್ದರು, ಮೀನಿನ ಚೀಲ ಮರೆಯುವವರನ್ನು ನೋಡಿದ್ದರು, ಒಮ್ಮೆ ಸೀಟಿನಲ್ಲಿ ಅತ್ತೆಯನ್ನೇ ಮರೆತು ಇಳಿದವನನ್ನೂ ನೋಡಿದ್ದರು. ಇದು ಹೊಸತು.

"ಹೌದು. ಮರೆತಾಗ ಯಾರಾದ್ರೂ ನೆನಪು ಮಾಡ್ಬೇಕು. ಅಂಗಾಲು ಮೆಲ್ಲ ತಟ್ಟಿದ್ರೆ ಸಾಕು, ಪುನಃ ಶುರು ಮಾಡ್ತಾಳೆ. ಮದ್ದೂ ಕೊಡ್ತೇವೆ. ಕಾಫಿಯಲ್ಲಿರುವ ಸಾಮಾನೇ ಅದು, ಕೆಫೀನ್."

"ಕಾಫಿಯಾ? ಒಂದು ಕಿಲೋದ ಮಗುವಿಗೆ?"

"ಸ್ಟ್ರಾಂಗ್ ಅಲ್ಲ," ಎಂದರು ಡಾಕ್ಟರು, ನಗದೆ.

"ಹಾಗಾದ್ರೆ ಬಾಂಕ್?"

"ಮದ್ದು ನಿಲ್ಲಿಸಿದ ಮೇಲೆ ಏಳು ದಿನ, ಒಂದು ಸಲವೂ ಮರೆಯದೆ ಅವಳೇ ಉಸಿರಾಡ್ಬೇಕು. ಆಮೇಲೆ ಮನೆಗೆ ಕಳಿಸ್ತೇನೆ. ಬಾಂಕ್ ಮನೆಯಲ್ಲಿ ಹೇಳಿ. ಅಲ್ಲಿವರೆಗೆ ನೀವು ಒಳಗೆ ಬರುದು ಬೇಡ."

ಪಂಜದ ಮಸೀದಿಯ ಉಸ್ತಾದರೂ ಅದನ್ನೇ ಹೇಳಿದರು. ಮಗುವಿಗೆ ತೊಂದರೆಯಾಗುವುದಾದರೆ ಕಾಯುವುದೇ ಸರಿ. ಆದರೆ ಕಾಯುವಾಗ ಸುಮ್ಮನೆ ಕೂರಬೇಡಿ ಕಾಸಿಂಚ, ಸ್ವರ ಇಳಿಸಲು ಕಲಿಯಿರಿ.

ಕಲಿಯುವುದೆಂದರೆ ಎಲ್ಲಿ? ಬಸ್ಸಿನಲ್ಲಿ. ಮರುದಿನ ಕಾಣಿಯೂರಿನಲ್ಲಿ ಅವರು "ಕಾಣಿಯೂರು" ಎಂದದ್ದು ಅವರ ಮೀಸೆಗೆ ಮಾತ್ರ ಕೇಳಿಸಿತು. ಬಸ್ಸಿನ ಬದಿ ಮೆಲ್ಲಗೆ ಎರಡು ಸಲ ತಟ್ಟಿ, ಹೊರಡೋಣ ಎನ್ನಲು ತುಳುವಿನಲ್ಲಿ "ರೈಟ್ ಪೋಯಿ" ಎಂದದ್ದು ಡ್ರೈವರ್ ಸೀನನಿಗೆ ಕೇಳಿಸದೆ ಬಸ್ಸು ನಿಂತಲ್ಲೇ ನಿಂತಿತು. ನಿಂತಿಕಲ್ಲಿನಲ್ಲಿ ಇಳಿಯಬೇಕಾಗಿದ್ದ ಶೀಲಾವತಿ ಟೀಚರ್ ಪಂಜದಲ್ಲಿ ಕಣ್ಣು ಬಿಟ್ಟರು. ಹದಿನಾಲ್ಕು ವರ್ಷದಿಂದ ಕಾಸಿಂಚರ ಸ್ವರವನ್ನು ನಂಬಿ ನಿದ್ದೆ ಮಾಡುತ್ತಿದ್ದ ಹೆಂಗಸು ಅವರು.

"ಎಂತ ಮಾರಾಯ್ರೆ ಇದು! ಗಂಟಲಿಗೆ ಎಂತ ಆಗಿದೆ ನಿಮಗೆ?"

ಕಾಸಿಂಚ ವಿಷಯ ಹೇಳಿದರು, ಪಿಸುಮಾತಿನಲ್ಲೇ. ಟೀಚರು ಮೂರು ಸಲ "ಆಂ?" ಎಂದು ಕೇಳಿ ಅರ್ಥ ಮಾಡಿಕೊಂಡರು. ಮಾರನೆಯ ದಿನದಿಂದ ಆ ಬಸ್ಸಿನ ವ್ಯವಸ್ಥೆಯೇ ಬದಲಾಯಿತು. ಟೀಚರು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡರು. ಮುಂದಿನ ಸೀಟಿನವರು ಸ್ಟಾಪಿನ ಹೆಸರು ಹಿಂದಿನವರಿಗೆ ದಾಟಿಸಿದರು. ಸೀನ ಕನ್ನಡಿಯಲ್ಲಿ ನೋಡಿ, ಕಾಸಿಂಚರ ತುಟಿ ಅಲ್ಲಾಡಿದರೆ ಗೇರು ಹಾಕಲು ಕಲಿತ. ಊರಿಗೆ ಹೊಸಬರಾದ ಪ್ಯಾಸೆಂಜರುಗಳು ಮಾತ್ರ ಇದು ಯಾವುದೋ ಹರಕೆಯ ಬಸ್ಸು ಎಂದುಕೊಂಡು ಗಪ್‌ಚಿಪ್ ಕುಳಿತಿರುತ್ತಿದ್ದರು.

ಒಂಬತ್ತನೇ ದಿನ ಈ ತಮಾಷೆಯೆಲ್ಲ ನಿಂತಿತು. ಮಗುವಿನ ರಕ್ತಕ್ಕೆ ನಂಜು ಏರಿದೆ ಎಂದು ಶಿಫಾ ಫೋನು ಮಾಡಿದಳು. ಹಾಲು ಕೊಡುವುದು ನಿಲ್ಲಿಸಿದ್ದರು, ಉಸಿರಿನ ಮೆಷಿನ್ ಪುನಃ ಹಾಕಿದ್ದರು, ಮೈ ಬೂದಿಬಣ್ಣಕ್ಕೆ ತಿರುಗಿತ್ತು. ಎರಡು ದಿನ ಕಾಸಿಂಚ ಐಸಿಯುವಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತರು. ಬಾಂಕ್ ಕೇಳದೆಯೇ ಮಗು ಹೋಗಿಬಿಡುತ್ತದೋ ಎಂದು ಮೊದಲು ಹೆದರಿದರು. ಆಮೇಲೆ, ಕೇಳದಿದ್ದರೂ ಬೇಡ, ಇದ್ದರೆ ಸಾಕು ಎನ್ನಿಸಿತು. ಮೂರನೆಯ ದಿನ ಗಾನಶ್ರೀ ಬಾಗಿಲಿನಿಂದ ತಲೆ ಹೊರಹಾಕಿ, "ಬಣ್ಣ ಬಂತು ಕಾಕ," ಎಂದಳು. ಅವರು ಕೂತಲ್ಲೇ ಟೊಪ್ಪಿ ಮುಖಕ್ಕೆ ಒತ್ತಿಕೊಂಡು ಅತ್ತರು.

ಅಲ್ಲಿಂದ ಮಗು ಗ್ರಾಂ ಗ್ರಾಂ ಆಗಿ ಬೆಳೆಯಿತು. ಶಿಫಾ ದಿನಕ್ಕೆ ಆರೇಳು ಗಂಟೆ ಅದನ್ನು ಬರಿ ಎದೆಗೆ ಅವುಚಿ, ಬಟ್ಟೆ ಸುತ್ತಿ ಕೂರತೊಡಗಿದಳು. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರಂತೆ. ಹಾಗೆ ಮೈಗೆ ಮೈ ತಾಗಿದ್ದಾಗ ಮಗು ಉಸಿರು ಮರೆಯುವುದು ಕಡಿಮೆ. ಬೇಕಿದ್ದರೆ ಅವಳೇ ಒಂದು ದಿನ ಕಿವಿಯಲ್ಲಿ ಬಾಂಕ್ ಹೇಳಬಹುದಿತ್ತು. ಹೇಳಲಿಲ್ಲ. "ಅದು ಉಪ್ಪನದ್ದು," ಎಂದು ಗಾನಶ್ರೀಗೆ ಹೇಳಿ ಸುಮ್ಮನಾಗಿದ್ದಳು.

ಮೂವತ್ತಮೂರನೇ ದಿನಕ್ಕೆ ಕಾಫಿ ಮದ್ದು ನಿಂತು ಕೆಲವು ದಿನವಾಗಿ, ಅದರ ಬಲ ಮೈಯಿಂದ ಪೂರ್ತಿ ಇಳಿದ ಮೇಲೆ, ಡಾಕ್ಟರು ಎಣಿಕೆ ಶುರು ಮಾಡಿದರು. ಒಂದು, ಎರಡು, ಮೂರು. ಪಂಜದ ಮನೆಯಲ್ಲಿ ಆಯಿಶಾ ಕೋಣೆ ತೊಳೆಸಿದಳು, ಪರದೆ ಬದಲಿಸಿದಳು, ಆ ಧೂಳಿಗೆ ಕೆಮ್ಮು ಹಿಡಿಸಿಕೊಂಡಳು. ಜಾಸಿರ್ ಹತ್ತು ದಿನದ ರಜೆ ಹಾಕಿ ಹೊರಟು ನಿಂತ. ನಾಲ್ಕು. ಐದು. ಐದನೇ ದಿನ ಶಿಫಾಳಿಗೆ ಚಳಿ ಜ್ವರ ಬಂತು.

ಆರನೇ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿದ್ದ ಕಾಸಿಂಚರಿಗೆ ಡಾಕ್ಟರೇ ಫೋನು ಮಾಡಿದರು. "ತಾಯಿಗೆ ಜ್ವರ. ಅಜ್ಜಿಗೆ ಕೆಮ್ಮು. ಅಪ್ಪ ಬರುದು ನಾಡಿದ್ದು. ಎದೆಯಲ್ಲಿ ಇಟ್ಕೊಳ್ಳಿಕ್ಕೆ ಮನೆಯಲ್ಲಿ ಆರೋಗ್ಯ ಸರಿ ಇರುವವರು ಬೇರೆ ಯಾರು ಉಂಟು?"

"ನಾನು ಮಾತ್ರ," ಎಂದರು ಕಾಸಿಂಚ.

"ಬನ್ನಿ," ಎಂದರು ಡಾಕ್ಟರು.

ಬಾಗಿಲಲ್ಲೇ ಗಾನಶ್ರೀ ಅವರನ್ನು ಚೆಕಿಂಗ್ ಇನ್‌ಸ್ಪೆಕ್ಟರನ ಹಾಗೆ ತಪಾಸಣೆ ಮಾಡಿದಳು. ಉಗುರು ನೋಡಿದಳು. ಗಂಟಲು ನೋಡಿದಳು. ಆಮೇಲೆ ಮೂಗು ಸೊಟ್ಟ ಮಾಡಿ, "ಅತ್ತರ್ ಹಾಕಿದ್ದೀರಾ?" ಎಂದಳು.

"ಬೆಳಿಗ್ಗೆ ಸ್ನಾನ ಆದ ಮೇಲೆ. ಸ್ವಲ್ಪ."

"ಪುನಃ ಸ್ನಾನ ಮಾಡಿ ಬನ್ನಿ."

ಆಸ್ಪತ್ರೆಯ ಬಚ್ಚಲಿನಲ್ಲಿ ಪರಿಮಳವಿಲ್ಲದ ಸಾಬೂನಿನಲ್ಲಿ ಎರಡು ಸಲ ಉಜ್ಜಿಕೊಂಡು ಬಂದ ಕಾಸಿಂಚ, ಮುಂದೆ ತೆರೆಯುವ ಹಸಿರು ಅಂಗಿ ಹಾಕಿ, ಒರಗುಕುರ್ಚಿಯಲ್ಲಿ ಕುಳಿತರು. ಪುನಃ ಇಳಿಸಿಬಿಡುತ್ತಾರೋ ಎಂದು ಕಣ್ಣು ಮಾತ್ರ ಬಾಗಿಲ ಕಡೆಗಿತ್ತು. ಗಾನಶ್ರೀ ಮಗುವನ್ನು ತಂದು, ಎದೆಯ ನರೆಗೂದಲಿನ ಮೇಲೆ ಕಪ್ಪೆಯ ಹಾಗೆ ಕವುಚಿ ಮಲಗಿಸಿ, ಬಟ್ಟೆ ಬಿಗಿದಳು.

"ಮಾತಾಡುದು ಬೇಡ. ಕೆಮ್ಮುದು ಬೇಡ. ಅವಳ ಬೆನ್ನು ಏಳ್ತಾ ಇಳೀತಾ ಇರ್ಬೇಕು, ಅದನ್ನು ನೋಡ್ತಾ ಇರಿ. ಅಷ್ಟೇ."

ಮಗು ಈಗ ಒಂದೂ ಮುಕ್ಕಾಲು ಕಿಲೋ. ಟಿಕೆಟ್ ಮೆಷಿನ್ನಿಗಿಂತ ಸ್ವಲ್ಪ ಹೆಚ್ಚು ಭಾರ. ಎದೆಯ ಅದೇ ಜಾಗದಲ್ಲಿ ದಿನವಿಡೀ ಮೆಷಿನ್ ತೂಗಿಸಿಕೊಂಡು ನಿಲ್ಲುವ ಕಾಸಿಂಚರಿಗೆ ಈ ಭಾರ ಬೇರೆ ಎಂದು ತಕ್ಷಣ ತಿಳಿಯಿತು. ಇದು ಬಿಸಿಯಾಗಿತ್ತು, ಉಸಿರಾಡುತ್ತಿತ್ತು, ಹಾಲಿನ ವಾಸನೆ ಬರುತ್ತಿತ್ತು. ಅವರಿಗೆ ಇಡೀ ಜಗತ್ತಿಗೆ ಕೇಳುವಂತೆ ಕೂಗಿ ಹೇಳಬೇಕು ಎನ್ನಿಸಿತು. ತುಟಿ ಕಚ್ಚಿಕೊಂಡು ಕುಳಿತರು.

ಒಂದು ಗಂಟೆ ಕಳೆಯಿತು. ಎರಡನೆಯದೂ ಅರ್ಧ ಕಳೆಯಿತು. ಕೋಣೆಯ ಆ ತುದಿಯಲ್ಲಿ ಈಗಷ್ಟೇ ಬಂದ ಇನ್ನೊಂದು ಮಗುವಿನ ಕೈಗೆ ಸೂಜಿ ಹಾಕಲು ಗಾನಶ್ರೀ ಬಗ್ಗಿದ್ದಳು. ಮಧ್ಯಾಹ್ನದ ಬಿಸಿಲು ಪರದೆಯ ಮೇಲಿತ್ತು.

ಮೂವತ್ತೊಂದು ವರ್ಷ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತವರಿಗೆ ಇಂಜಿನ್ ಆಫ್ ಆಗುವುದು ಡ್ರೈವರನಿಗಿಂತ ಮೊದಲು ತಿಳಿಯುತ್ತದೆ. ಕಾಲಡಿಯ ನಡುಕ ಒಮ್ಮೆ ಸಡಿಲವಾಗುತ್ತದೆ, ಅಷ್ಟೇ. ಈಗ ಎದೆಯ ಮೇಲೆ ಅಂಥದೇ ಸಡಿಲ. ಬೆನ್ನು ಇಳಿದದ್ದು ಮೇಲೆ ಏಳಲಿಲ್ಲ. ಕಾಸಿಂಚ ಕಾದರು. ಏಳಲಿಲ್ಲ. ರಕ್ತದ ಆಮ್ಲಜನಕ ತೋರಿಸುವ ಮೆಷಿನ್ನಿನಲ್ಲಿ ತೊಂಬತ್ತೈದು ಇದ್ದದ್ದು ತೊಂಬತ್ತೊಂದು ಆಯಿತು, ಎಂಬತ್ತೊಂಬತ್ತು ಆಯಿತು.

"ಸಿಸ್ಟರ್!" ಎಂಬ ಕೂಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ಅದು ಹೊರಗೆ ಬಿದ್ದರೆ ಎಂಟು ಪೆಟ್ಟಿಗೆಗಳ ಎಂಟು ಮಕ್ಕಳು ಬೆಚ್ಚುತ್ತವೆ, ಅತ್ತ ಸೂಜಿ ತಪ್ಪುತ್ತದೆ. ಕೂಗು ಗಂಟಲಲ್ಲೇ ನಿಂತಿತು. ಅಷ್ಟರಲ್ಲಿ ಬಲಗೈ, ಯಾರನ್ನೂ ಕೇಳದೆ, ತನಗೆ ಗೊತ್ತಿದ್ದ ಕೆಲಸ ಮಾಡಿಬಿಟ್ಟಿತು. ಬಸ್ಸು ನಿಂತಿದೆ, ಹೊರಡಬೇಕು. ಎರಡು ಬೆರಳು ಪುಟ್ಟ ಅಂಗಾಲನ್ನು ಹುಡುಕಿ ತಟ್ಟಿದವು, ಎರಡು ಸಲ. ತುಟಿಯಿಂದ ಗಾಳಿಯಷ್ಟೇ ಹೊರಬಂತು.

"ರೈಟ್... ಪೋಯಿ."

ಬೆನ್ನು ಒಮ್ಮೆ ಜಗ್ಗಿತು. ಏರಿತು. ಇಳಿಯಿತು. ಪುನಃ ಏರಿತು. ತೊಂಬತ್ತು, ತೊಂಬತ್ತಮೂರು, ತೊಂಬತ್ತೈದು. ಮೆಷಿನ್ ಬಾಯಿ ಬಿಡಲೇ ಇಲ್ಲ.

ಕಾಸಿಂಚರಿಗೆ ಆಮೇಲೆ ಮೆಲ್ಲಗೆ ಒಂದು ಯೋಚನೆ ಬಂತು. ಯಾರೂ ನೋಡಿಲ್ಲ. ಮೆಷಿನ್ ಕೂಗಿಲ್ಲ. ಇವತ್ತು ಆರು. ನಾಳೆಗೆ ಏಳು. ನಾಡಿದ್ದು ಜಾಸಿರ್ ಬರುವಾಗ ಮಗು ಮನೆಯಲ್ಲಿರುತ್ತದೆ, ಅವನ ಎದುರಿನಲ್ಲೇ ಬಾಂಕ್ ಹೇಳಬಹುದು. ಬರೀ ಒಂದು ಸಲ ಮರೆತದ್ದು, ಅದೂ ತಟ್ಟಿದ ಕೂಡಲೇ ಸರಿಯಾದದ್ದು, ಅದನ್ನು ದೊಡ್ಡದು ಮಾಡುವುದು ಯಾಕೆ?

ಗಾನಶ್ರೀ ಕೈ ತೊಳೆದು ಬಂದಳು. "ಎಲ್ಲ ಸರಿ ಉಂಟಾ ಕಾಕ?"

ಟಿಕೆಟ್ ತೆಗೆದುಕೊಳ್ಳದವರು ಕಂಡಕ್ಟರ್ ಹತ್ತಿರ ಬರುವಾಗ ಹೇಗೆ ಹೊರಗಿನ ಮರ ಎಣಿಸುತ್ತಾರೋ, ಹಾಗೆ ಕಾಸಿಂಚ ಪರದೆಯನ್ನು ನೋಡಿದರು. ಆ ನೋಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ನಾಲ್ಕು ಜನರಾದರೂ ಅದನ್ನು ಅವರಿಗೆ ತೋರಿಸುತ್ತಿದ್ದರು. ತನ್ನ ಮುಖದಲ್ಲೇ ಅದು ಬಂತಲ್ಲ ಎಂದು ನಾಚಿಕೆಯಾಯಿತು.

"ಇಲ್ಲ ಸಿಸ್ಟರ್," ಎಂದರು. "ನಿಂತಿತ್ತು. ನಾನು ತಟ್ಟಿದೆ. ಹೊರಟಳು."

ಗಾನಶ್ರೀ ಮೆಷಿನ್ನಿನ ಗುಂಡಿ ಒತ್ತಿ ಹಿಂದಿನದನ್ನು ತಿರುಗಿಸಿ ನೋಡಿದಳು. ಗೆರೆ ಒಂದು ಕಡೆ ತಗ್ಗಿಗೆ ಇಳಿದು ಹತ್ತಿತ್ತು. ಅವಳು ಡಾಕ್ಟರನ್ನು ಕರೆದಳು. ತೀರ್ಥರಾಮ ಬಂದು ಮಗುವಿನ ಬೆನ್ನಿಗೆ ಕೊಳವೆ ಇಟ್ಟು ಕೇಳಿದರು, ಗೆರೆ ನೋಡಿದರು, ಕಾಸಿಂಚರ ಮುಖ ನೋಡಿದರು.

"ತಟ್ಟಿದ ಮೇಲೆ ಶುರು ಮಾಡಿದ್ದಲ್ವಾ? ಹಾಗಾದ್ರೆ ಎಣಿಕೆ ಪುನಃ ಒಂದರಿಂದ ಕಾಕ. ಇನ್ನೂ ಏಳು ದಿನ."

"ಆಯ್ತು ಡಾಕ್ಟ್ರೆ. ಪಂಜದವರೆಗೆ ಬಂದು ಪುನಃ ಪುತ್ತೂರಿಗೆ ತಿರುಗುದು ನನಗೇನು ಹೊಸತಲ್ಲ."

ಶಿಫಾಳಿಗೆ ಅವರೇ ಹೇಳಬೇಕಾಯಿತು. ಗಾನಶ್ರೀ ಫೋನನ್ನು ಅವರ ಕಿವಿಗೆ ಹಿಡಿದಳು.

"ಉಪ್ಪಾ, ಎಂತ ಹೇಳ್ತಿದ್ದೀರಿ? ಸ್ವಲ್ಪ ಜೋರು ಹೇಳಿ, ಕೇಳುದಿಲ್ಲ!"

ಹುಟ್ಟಿ ಐವತ್ತೆಂಟು ವರ್ಷದಲ್ಲಿ ಯಾರೂ ಅವರಿಗೆ ಈ ಮಾತು ಹೇಳಿರಲಿಲ್ಲ. ಉಸಿರು ನಿಂತದ್ದು, ತಾವು ಏನೋ ಹೇಳಿ ಅಂಗಾಲು ತಟ್ಟಿದ್ದು, ಎಣಿಕೆ ಪುನಃ ಒಂದರಿಂದ ಎಂಬುದು, ಎಲ್ಲವನ್ನೂ ಕಾಸಿಂಚ ಎರಡನೆಯ ಸಲವೂ ಅಷ್ಟೇ ಮೆಲ್ಲಗೆ ಹೇಳಿದರು. ಆ ಕಡೆಯಿಂದ ಮೂಗೆಳೆದ ಶಬ್ದ ಬಂತು. ಆರು ದಿನಗಳನ್ನು ಅವಳು ಹೇಗೆ ಎಣಿಸಿದ್ದಳೆಂದು ಅವರಿಗೆ ಗೊತ್ತಿತ್ತು.

"ತಪ್ಪು ಮಾಡಿದೆನಾ ಮೋಳೆ?"

"ಅಲ್ಲ ಉಪ್ಪಾ," ಎಂದಳು ಶಿಫಾ, ಅಳುತ್ತಲೇ. "ನೀವು ಹೇಳದೆ ಮನೆಗೆ ತಂದಿದ್ರೆ, ನಾವೆಲ್ಲ ಮಲಗಿದ್ದಾಗ ಯಾರು ತಟ್ತಿದ್ರು?"

ಫೋನು ಇಟ್ಟ ಮೇಲೆ ಗಾನಶ್ರೀ ಹೋಗಲಿಲ್ಲ. ಕುರ್ಚಿಯ ಬದಿಯಲ್ಲೇ ನಿಂತಳು. "ಕಾಕ, ತಟ್ಟುವಾಗ ಎಂತದೋ ಹೇಳಿದ್ದೇನೆ ಅಂದ್ರಲ್ಲ ಮಗಳಿಗೆ. ಎಂತ ಹೇಳಿದ್ದು?"

ಕಾಸಿಂಚರಿಗೆ ಆಗ ಹೊಳೆಯಿತು. ಬಾಂಕ್‌ಗೆಂದು ಮೂವತ್ತೆಂಟು ದಿನ ಕಾದು ಕುಳಿತವರು, ಎದೆಗೆ ಬಂದ ಮೊಮ್ಮಗಳಿಗೆ ಮೊದಲು ಹೇಳಿದ್ದು ಏನನ್ನು! ಅವರು ತಲೆ ತಗ್ಗಿಸಿದರು. "ರೈಟ್ ಪೋಯಿ ಅಂದೆ ಸಿಸ್ಟರ್. ಬಾಯಿಗೆ ಅದೇ ಬಂತು."

ಗಾನಶ್ರೀ ನಗು ತಡೆಯಲು ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಣಿಯುತ್ತಿತ್ತು. ನಗು ಇಳಿದ ಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು. "ಹಾಗೆ ಹೇಳಿದ್ದಕ್ಕೇ ಅಲ್ವಾ ಅವಳು ಹೊರಟದ್ದು? ನಾನು ಇದೇ ಕೋಣೆಯಲ್ಲಿ ಇದ್ದೆ, ನನಗೆ ಕೇಳ್ಲೇ ಇಲ್ಲ. ಇಷ್ಟು ಮೆಲ್ಲ ಹೇಳ್ಲಿಕ್ಕೆ ಬರ್ತದಾದ್ರೆ ಇನ್ನು ಏಳು ದಿನ ಕಾಯುದು ಯಾಕೆ? ಹೇಳಿ ಕಾಕ. ಈಗಲೇ."

ಕಾಸಿಂಚ ನಂಬಲಾಗದೆ ಅವಳನ್ನು ನೋಡಿದರು. ಅವಳು ಮಗುವಿನ ಉಣ್ಣೆಯ ಟೊಪ್ಪಿಯನ್ನು ಬಲಗಿವಿಯಿಂದ ಚೂರು ಮೇಲೆ ಸರಿಸಿದಳು. ಸಣ್ಣ ಕಿವಿ, ಪುನರ್ಪುಳಿ ಶರಬತ್ತಿನ ತಿಳಿಗೆಂಪು ಬಣ್ಣದ್ದು. ಅವರು ಗಲ್ಲವನ್ನು ಎದೆಗೆ ತಾಗುವಷ್ಟು ಬಗ್ಗಿಸಿ, ತುಟಿಯನ್ನು ಅದರ ಬಳಿಗೆ ಒಯ್ದು, ಶುರು ಮಾಡಿದರು. ಎರಡಡಿ ದೂರದಲ್ಲಿದ್ದ ಗಾನಶ್ರೀಗೆ ಮೀಸೆ ಅಲ್ಲಾಡುವುದು ಮಾತ್ರ ಕಂಡಿತು. ಮಗು ಬೆಚ್ಚಲಿಲ್ಲ. ಒಮ್ಮೆ ಹುಬ್ಬು ಮೇಲೆತ್ತಿತು, ಬಾಯಿ ಚಪ್ಪರಿಸಿತು, ಕೇಳಿಸಿಕೊಳ್ಳುತ್ತಾ ಮಲಗಿತು. ತಲೆಯ ಮೇಲಿನ ಮೆಷಿನ್ ತೊಂಬತ್ತಾರು ಎಂದು ತೋರಿಸಿ ಅಲ್ಲೇ ನಿಂತಿತು.

ಹೇಳಿ ಮುಗಿಸಿದ ಮೇಲೂ ಕಾಸಿಂಚರ ಕಣ್ಣೀರು ನಿಲ್ಲಲಿಲ್ಲ. ಒರೆಸಿಕೊಳ್ಳಲು ಎಡಗೈ ಎತ್ತಿದರು. ಬಲಗೈಯ ಎರಡು ಬೆರಳುಗಳನ್ನು ಮಾತ್ರ ಆ ಅಂಗಾಲಿನ ಹತ್ತಿರವೇ ಇಟ್ಟುಕೊಂಡಿದ್ದರು.